ಮೂರನೇ ಪುಸ್ತಕದಿಂದ ಶುರು ಮಾಡಿದ್ದು ತಪ್ಪಲ್ಲ

ಪ್ರಶ್ನೆ: ನಾನು ಚಿತ್ರದುರ್ಗದವಳು, ಬಿ.ಎಡ್. ಓದುತ್ತಿದ್ದೇನೆ. ಎರಡು ವರ್ಷದಿಂದ ಇಂಗ್ಲಿಷಿನ ರೊಮ್ಯಾಂಟಿಕ್ ಕಾಮಿಡಿ ಕಾದಂಬರಿಗಳನ್ನು ಓದಿ ಕನ್ನಡದಲ್ಲಿ ವಿಮರ್ಶೆ ಬರೆಯುತ್ತೇನೆ. ಈಚೆಗೆ ಒಂದು ಸರಣಿಯ ಮೂರನೇ ಪುಸ್ತಕ ಮಾತ್ರ ಕೈಗೆ ಸಿಕ್ಕಿತು, ಅದನ್ನೇ ಓದಿ ಬರೆದೆ. ಮೊದಲೆರಡು ಓದದೆ ಹೇಗೆ ಬರೆದೆ ಅಂತ ಗೆಳತಿಯರು ಕೇಳಿದರು. ಇನ್ನೊಂದು ಕಷ್ಟ ಏನೆಂದರೆ ನನ್ನ ವಿಮರ್ಶೆಗಳೆಲ್ಲ ಒಂದೇ ತರ ಆಗುತ್ತಿವೆ. ಇಬ್ಬರೂ ಕೊನೆಗೆ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಿರುವ ಕಥೆ ಬಗ್ಗೆ ಏನು ಬರೆಯೋದು? ಎಷ್ಟು ಹೇಳಬೇಕು, ಎಷ್ಟು ಬಿಡಬೇಕು? ಇಂಥ ಪುಸ್ತಕಕ್ಕೆಲ್ಲ ವಿಮರ್ಶೆ ಬೇಕಾ ಅಂತ ಮನೆಯಲ್ಲೂ ಕೇಳುತ್ತಾರೆ.

ಉತ್ತರ: ಮೊದಲು ಮೂರನೇ ಪುಸ್ತಕದ ಮಾತು ಮುಗಿಸೋಣ. ನೀವು ಮಾಡಿದ್ದು ತಪ್ಪಲ್ಲ. ನಮ್ಮ ಕಡೆ ಪುಸ್ತಕ ಸಿಗೋದೇ ಹಾಗೆ. ದಾವಣಗೆರೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಇಂಥ ಕಾದಂಬರಿ ಓದುತ್ತಾ ಅವುಗಳ ಬಗ್ಗೆ ಬರೆಯುತ್ತಾ ಬಂದಿದ್ದೇನೆ, ಸರಣಿಯ ಒಂದನೇ ಪುಸ್ತಕವೇ ಮೊದಲು ಸಿಕ್ಕಿದ್ದು ಕಮ್ಮಿ. ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು, ಯಾರೋ ಓದಿ ಮುಗಿಸಿ ಕೊಟ್ಟಿದ್ದು, ಬೆಂಗಳೂರಿನಿಂದ ಬರುವಾಗ ಅಕ್ಕನ ಮಗಳು ಬ್ಯಾಗಿನಲ್ಲಿ ತಂದಿದ್ದು, ಹೀಗೆ ಬಂದವೇ ಜಾಸ್ತಿ. ಕೈಗೆ ಸಿಕ್ಕಿದ್ದನ್ನು ಓದಲೇಬೇಕು. ತಪ್ಪಾಗೋದು ಅದನ್ನು ಹೇಳದೆ ಬರೆದಾಗ. ವಿಮರ್ಶೆಯ ಮೊದಲ ಎರಡು ಸಾಲಿನಲ್ಲೇ "ಇದು ಸರಣಿಯ ಮೂರನೆಯದು, ಮೊದಲೆರಡನ್ನು ನಾನು ಓದಿಲ್ಲ" ಅಂತ ಬರೆಯಿರಿ. ಅಷ್ಟು ಬರೆದ ಮೇಲೆ ನಿಮ್ಮ ಓದು ಇನ್ನೊಂದು ತರದ ಓದುಗರಿಗೆ ಉಪಯೋಗಕ್ಕೆ ಬರುತ್ತದೆ. ಅವರೂ ನಿಮ್ಮ ಹಾಗೆ ಮಧ್ಯದಿಂದ ಹತ್ತುವವರು. ಹಿಂದಿನದು ಗೊತ್ತಿಲ್ಲದೆ ಓದಿದರೆ ಎಲ್ಲಿ ತಡವರಿಸಬೇಕಾಗುತ್ತದೆ, ಎಲ್ಲಿ ಸಲೀಸು ಅನ್ನೋದನ್ನು ಅವರಿಗೆ ಹೇಳೋಕೆ ನಿಮಗೆ ಆಗುತ್ತದೆ. ಮೊದಲೆರಡು ಓದಿದವರಿಗೆ ಆಗೋದಿಲ್ಲ, ಅವರಿಗೆ ಎಲ್ಲಾ ಮೊದಲೇ ಗೊತ್ತಿರುತ್ತದೆ.

ಆದರೆ ಸರಣಿ ಯಾವ ಜಾತಿಯದು ಅಂತ ತಿಳ್ಕೋಬೇಕು. ಒಂದು ಜಾತಿಯಲ್ಲಿ ಮನೆ ಒಂದೇ, ಜೋಡಿ ಬೇರೆ ಬೇರೆ. ಅಕ್ಕನ ಕಥೆ ಒಂದು ಪುಸ್ತಕ, ತಂಗಿಯದು ಇನ್ನೊಂದು. ತಾಲಿಯಾ ಹಿಬ್ಬರ್ಟ್ ಅವರ ಬ್ರೌನ್ ಸಹೋದರಿಯರ ಸರಣಿ ಹಾಗಿದೆ. ಕ್ಲೋಯಿ, ಡ್ಯಾನಿ, ಈವ್ ಅಂತ ಮೂರು ಜನ, 2019, 2020, 2021ರಲ್ಲಿ ವರ್ಷಕ್ಕೊಂದರಂತೆ ಮೂರು ಪುಸ್ತಕ. ಈವ್‌ಳ ಪುಸ್ತಕವನ್ನು ಮೊದಲು ಓದಿದರೂ ಕಥೆ ಪೂರ್ತಿ ಅರ್ಥ ಆಗುತ್ತದೆ. ಇನ್ನೊಂದು ಜಾತಿಯಲ್ಲಿ ಜೋಡಿ ಒಂದೇ, ಕಥೆ ಮುಂದುವರಿಯುತ್ತಾ ಹೋಗುತ್ತದೆ. ಕೆವಿನ್ ಕ್ವಾನ್ ಅವರು ಸಿಂಗಪುರದ ಶ್ರೀಮಂತರ ಬಗ್ಗೆ 2013, 2015, 2017ರಲ್ಲಿ ತಂದ ಮೂರು ಕಾದಂಬರಿಗಳು ಹಾಗೆ. ಮೊದಲನೆಯದರಲ್ಲಿ ಹುಡುಗನ ಮನೆಯವರು ಹುಡುಗಿಯನ್ನು ಒಪ್ಪುತ್ತಾರಾ ಅನ್ನೋದು ಪ್ರಶ್ನೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಅಜ್ಜಿಯ ದೊಡ್ಡ ಮನೆ ಯಾರಿಗೆ ಅನ್ನೋದು ಪ್ರಶ್ನೆ. ಇಂಥದ್ದನ್ನು ಮೂರನೆಯದರಿಂದ ಶುರು ಮಾಡಿದರೆ ಮದುವೆ ಮನೆಗೆ ಊಟದ ಹೊತ್ತಿಗೆ ಹೋದಂತೆ, ಹೊಟ್ಟೆ ತುಂಬುತ್ತದೆ, ಧಾರೆ ನೋಡಲಿಲ್ಲ ಅಂತ ಬೇಜಾರು ಉಳಿಯುತ್ತದೆ.

ಯಾವ ಜಾತಿ ಅಂತ ತಿಳಿಯೋಕೆ ಹಿಂಬದಿಯ ರಟ್ಟು ಸಾಕು. ಪ್ರತಿ ಪುಸ್ತಕದಲ್ಲೂ ಹೊಸ ಹೆಸರು ಇದ್ದರೆ ಮೊದಲನೇ ಜಾತಿ, ಅವೇ ಹೆಸರು ಇದ್ದರೆ ಎರಡನೆಯದು. ಮೊದಲನೇ ಜಾತಿಯಲ್ಲಿ ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೂಲಿಯಾ ಕ್ವಿನ್ ಅವರ ಬ್ರಿಡ್ಜರ್ಟನ್ ಸರಣಿ ಈ ಕಾಲದ ಕಥೆ ಅಲ್ಲ, ಇನ್ನೂರು ವರ್ಷದ ಹಿಂದಿನ ಲಂಡನ್ನಿನದು, ಆದರೂ ಇಲ್ಲಿ ನೆನಪಾಗುತ್ತದೆ. ಒಂದು ಮನೆಯ 8 ಮಕ್ಕಳು, 8 ಪುಸ್ತಕ, 2000ದಿಂದ 2006ರೊಳಗೆ ಬಂದವು. ನೆಟ್‌ಫ್ಲಿಕ್ಸ್‌ನವರು ಅದನ್ನು ತೆರೆಗೆ ತರುವಾಗ ಮೂರನೇ ಸೀಸನ್ನಿಗೆ ಮೂರನೇ ಪುಸ್ತಕ ಬಿಟ್ಟು ನಾಲ್ಕನೆಯದನ್ನು ತಗೊಂಡರು. ಜನ ನೋಡಿದರು. ಯಾರಿಗೂ ದಾರಿ ತಪ್ಪಲಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೊನೆ ಗೊತ್ತಿರುವ ಕಥೆಯಲ್ಲಿ ಏನಿದೆ ಬರೆಯೋಕೆ?

ನೀವು ಚಿತ್ರದುರ್ಗದವರು, ಇದಕ್ಕೆ ಉತ್ತರ ನಿಮ್ಮೂರಲ್ಲೇ ಇದೆ. ತ.ರಾ.ಸು. ಅವರ 'ದುರ್ಗಾಸ್ತಮಾನ' ತಗೊಳ್ಳಿ. ದುರ್ಗದ ಪಾಳೆಯಗಾರರ ಬಗ್ಗೆ ಅವರು ಬರೆದ ಸಾಲು ಸಾಲು ಕಾದಂಬರಿಗಳಲ್ಲಿ ಅದು ಕೊನೇದು, ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದ ಹೆಸರಲ್ಲೇ ಕೊನೆ ಇದೆ. 1779ರಲ್ಲಿ ಹೈದರಾಲಿ ಕೋಟೆ ತಗೊಂಡ ಅಂತ ನಿಮ್ಮೂರಿನ ಶಾಲೆ ಮಕ್ಕಳಿಗೂ ಗೊತ್ತು. ಆದರೂ ಜನ ಅಷ್ಟು ದಪ್ಪ ಪುಸ್ತಕ ಹಿಡಿದು ರಾತ್ರಿಯಿಡೀ ಓದುತ್ತಾರೆ, ಕೊನೆಗೆ ಕಣ್ಣು ಒರೆಸಿಕೊಳ್ಳುತ್ತಾರೆ. ಕೋಟೆ ಬಿತ್ತಾ ಇಲ್ವಾ ಅಂತ ತಿಳಿಯೋಕೆ ಯಾರೂ ಅದನ್ನು ಓದೋದಿಲ್ಲ. ಹೇಗೆ ಬಿತ್ತು, ಯಾರ ಕೈ ಎಲ್ಲಿ ಸೋತಿತು, ಮದಕರಿ ನಾಯಕ ಆ ಹೊತ್ತಿನಲ್ಲಿ ಎಂಥ ಮನುಷ್ಯನಾಗಿದ್ದ ಅಂತ ತಿಳಿಯೋಕೆ ಓದುತ್ತಾರೆ. ರೊಮ್ಯಾಂಟಿಕ್ ಕಾಮಿಡಿಯಲ್ಲೂ ಇದೇ ಲೆಕ್ಕ, ಇಲ್ಲಿ ಕೋಟೆ ಬೀಳೋದಿಲ್ಲ, ಬಾಗಿಲು ತೆರೆಯುತ್ತದೆ, ಅಷ್ಟೇ ವ್ಯತ್ಯಾಸ. ಇಬ್ಬರೂ ಒಂದಾಗುತ್ತಾರೆ ಅನ್ನೋದು ಓದುಗರಿಗೆ ಕೊಟ್ಟ ಮಾತು. ಆ ಮಾತು ತಪ್ಪಿದರೆ ಅದು ಈ ಜಾತಿಯ ಪುಸ್ತಕವೇ ಅಲ್ಲ.

ಹಾಗಾಗಿ ವಿಮರ್ಶೆ ಬರೆಯುವಾಗ ನಾನು ನನಗೆ ಕೇಳಿಕೊಳ್ಳೋದು ಒಂದೇ ಪ್ರಶ್ನೆ: ಯಾಕೆ ತಡವಾಯ್ತು? ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗಿ ಎಷ್ಟೋ ಪುಟ ಆಯ್ತು, ಮತ್ಯಾಕೆ ಮುನ್ನೂರನೇ ಪುಟದ ತನಕ ಎಳೆದರು? ಆ ತಡಕ್ಕೆ ಕಾರಣ ಗಟ್ಟಿ ಇದ್ದರೆ ಪುಸ್ತಕ ಗಟ್ಟಿ. ಕಾರಣ ಪೊಳ್ಳಾದರೆ ಎಷ್ಟು ನಗಿಸಿದರೂ ಪುಸ್ತಕ ಪೊಳ್ಳು.

ಪಮೇಲಾ ರೀಜಿಸ್ ಅಂತ ಅಮೆರಿಕದ ಒಬ್ಬ ವಿದ್ವಾಂಸರು 2003ರಲ್ಲಿ ಪ್ರೇಮ ಕಾದಂಬರಿಗಳ ಮೇಲೆ ಒಂದು ಪುಸ್ತಕ ಬರೆದರು. ಪ್ರೇಮ ಕಾದಂಬರಿ ಅಂದ್ರೆ ಅದರಲ್ಲಿ ಎಂಟು ಅಂಗ ಇರಲೇಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಇಬ್ಬರೂ ಬದುಕುವ ಸಮಾಜ, ಅವರ ಭೇಟಿ, ಅಡ್ಡಿ, ಸೆಳೆತ, ಪ್ರೀತಿ ಹೇಳಿಕೊಳ್ಳೋದು, ಎಲ್ಲಾ ಮುಗಿದೇ ಹೋಯ್ತು ಅನಿಸುವ ಗಳಿಗೆ, ಅಡ್ಡಿ ದಾಟೋಕೆ ಬೇಕಾದ ಅರಿವು, ಕೊನೆಗೆ ಒಂದಾಗೋದು. ಎಂಟನ್ನೂ ನೆನಪಿಟ್ಟುಕೊಂಡು ಟಿಕ್ ಹಾಕುತ್ತಾ ಕೂರಬೇಡಿ, ಓದಿನ ಖುಷಿಯೇ ಹೋಗುತ್ತದೆ. ಎರಡನ್ನು ಹಿಡಿದುಕೊಳ್ಳಿ. ಒಂದು ಅಡ್ಡಿ, ಇನ್ನೊಂದು ಎಲ್ಲಾ ಮುಗಿದುಹೋಯ್ತು ಅನ್ನುವ ಗಳಿಗೆ. ಈ ಎರಡಕ್ಕೂ ನಂಟು ಇದೆಯಾ ನೋಡಿ. ಮೊದಲ ಐವತ್ತು ಪುಟದಲ್ಲಿ ಬಿತ್ತಿದ ಅಡ್ಡಿಯೇ ಬೆಳೆದು ಮುಕ್ಕಾಲು ಪುಸ್ತಕದ ಹೊತ್ತಿಗೆ ಇಬ್ಬರನ್ನೂ ದೂರ ಮಾಡಿತಾ, ಅಥವಾ ಕಥೆ ಮುಂದೆ ಹೋಗಲಿಲ್ಲ ಅಂತ ಬರೆದವರು ಎಲ್ಲಿಂದಲೋ ಒಂದು ಜಗಳ ತಂದು ಹಾಕಿದರಾ? ಸರಣಿಗಳಲ್ಲಿ ಈ ತಂದು ಹಾಕಿದ ಜಗಳ ಜಾಸ್ತಿ.

ಒಂದು ಕಥೆ ಕಟ್ಟಿ ತೋರಿಸುತ್ತೇನೆ, ಇದು ಯಾವ ಪುಸ್ತಕದಲ್ಲೂ ಇಲ್ಲ, ಈಗ ನಿಮಗೋಸ್ಕರ ಕಟ್ಟಿದ್ದು. ದಾವಣಗೆರೆಯಲ್ಲಿ ಮೂರು ಜನ ಅಕ್ಕತಂಗಿಯರು. ದೊಡ್ಡವಳ ಕಥೆ ಮೊದಲ ಪುಸ್ತಕದಲ್ಲಿ ಮುಗಿದಿದೆ, ಮದುವೆಯಾಗಿ ಹರಿಹರಕ್ಕೆ ಹೋಗಿದ್ದಾಳೆ. ಈಗ ಎರಡನೆಯವಳ ಸರದಿ. ಅಪ್ಪ ಬಿಟ್ಟುಹೋದ ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತಾಳೆ. ಆರು ಟೇಬಲ್, ಸೌದೆ ಒಲೆ. ಪಕ್ಕದ ಮಳಿಗೆ ಖಾಲಿಯಾಗಿದೆ, ಅದನ್ನೂ ತಗೊಂಡು ಹೋಟೆಲ್ ದೊಡ್ಡದು ಮಾಡೋಕೆ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದಾಳೆ. ಅವನು ಆ ಬ್ಯಾಂಕಿಗೆ ಹೊಸದಾಗಿ ಬಂದ ಅಧಿಕಾರಿ. ದಿನಾ ಬೆಳಗ್ಗೆ ಅವಳ ಹೋಟೆಲಿಗೇ ತಿಂಡಿಗೆ ಬರುತ್ತಾನೆ. ಸಾಲಕ್ಕೆ ಅರ್ಜಿ ಹಾಕಿದವಳು ಇವಳೇ ಅಂತ ಅವನಿಗೆ ಮೊದಲು ಗೊತ್ತಿಲ್ಲ.

ಈಗ ಅಡ್ಡಿ. ಒಂದು ತರ ಹೀಗೆ ಬರೆಯಬಹುದು: ಅವನು ಕುಂದುವಾಡ ಕೆರೆ ಏರಿ ಮೇಲೆ ಇನ್ನೊಬ್ಬಳ ಜೊತೆ ನಗುತ್ತಾ ಹೋಗೋದನ್ನು ಇವಳು ನೋಡುತ್ತಾಳೆ. ಕೇಳೋದಿಲ್ಲ. ಫೋನ್ ಎತ್ತೋದಿಲ್ಲ. ಎಂಬತ್ತು ಪುಟ ಅಳುತ್ತಾಳೆ. ಕೊನೆಗೆ ಗೊತ್ತಾಗುತ್ತದೆ, ಅವಳು ಅವನ ಸ್ವಂತ ತಂಗಿ. ಇದು ಪೊಳ್ಳು. ಐದು ನಿಮಿಷ ಎದುರು ಕೂತು ಮಾತಾಡಿದರೆ ಬಗೆಹರಿಯುವ ವಿಷಯಕ್ಕೆ ಎಂಬತ್ತು ಪುಟ ಕೊಟ್ಟಿದ್ದಾರೆ ಅಂತ ನೀವು ನೇರವಾಗಿ ಬರೆಯಬೇಕು.

ಇನ್ನೊಂದು ತರ ಹೀಗೆ: ಅವಳ ಅರ್ಜಿ ಅವನ ಟೇಬಲ್ಲಿಗೆ ಬರುತ್ತದೆ. ಮನಸ್ಸು ಅವಳ ಕಡೆ ಹೋಗಿ ಆಗಿದೆ. ಅವನೇ ಪಾಸ್ ಮಾಡಿದರೆ ಅದು ನಿಯತ್ತಲ್ಲ, ನಾಳೆ ಅವಳ ಹೆಸರಿಗೂ ಮಸಿ. ಫೈಲನ್ನು ಬೇರೆಯವರಿಗೆ ಕೊಟ್ಟರೆ ಅವರು ಸೌದೆ ಒಲೆಯ ಹೋಟೆಲಿಗೆ ಇಷ್ಟು ಸಾಲ ಯಾಕೆ ಅಂತ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ಮಾತಾಡಿದರೂ ಇದು ಬಗೆಹರಿಯೋದಿಲ್ಲ, ಮಾತಾಡಿದಷ್ಟೂ ಬಿಗಿಯಾಗುತ್ತದೆ. ಅವಳು "ನೀವು ಕೊಡಿಸದಿದ್ದರೂ ಪರವಾಗಿಲ್ಲ, ಫೈಲ್ ಬಿಟ್ಟುಕೊಡುವ ಮೊದಲು ನನಗೊಂದು ಮಾತು ಹೇಳಬೇಕಿತ್ತು" ಅನ್ನುತ್ತಾಳೆ. ಇಬ್ಬರದೂ ಸರಿ. ಇಬ್ಬರದೂ ಸರಿ ಇದ್ದಾಗ ಹುಟ್ಟುವ ಅಡ್ಡಿಯೇ ನಿಜವಾದ ಅಡ್ಡಿ. ಇಂಥದ್ದು ಸಿಕ್ಕಿದ ದಿನ ನಾನು ಪುಸ್ತಕ ಮಡಿಚಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಓದುತ್ತೇನೆ, ಅಷ್ಟು ಖುಷಿಯಾಗುತ್ತದೆ.

ನಗುವಿನ ವಿಷಯಕ್ಕೆ ಬರೋಣ. ನೀವು ಬರೆದಿರೋದನ್ನು ನಾನು ನೋಡಿಲ್ಲ, ಆದರೆ ಎಲ್ಲಾ ಒಂದೇ ತರ ಆಗುತ್ತಿದೆ ಅಂದ್ರೆ ಬಹುಶಃ "ತುಂಬಾ ನಗು ಬರುತ್ತದೆ" ಅಂತ ಬರೆದು ಅಲ್ಲಿಗೇ ನಿಲ್ಲಿಸುತ್ತಿದ್ದೀರಿ. ಯಾಕೆ ನಗು ಬಂತು ಅಂತ ಒಂದು ಹೆಜ್ಜೆ ಮುಂದೆ ಹೋಗಿ. ಮೇಲಿನ ಕಥೆಯನ್ನೇ ಇಟ್ಟುಕೊಳ್ಳೋಣ. ಮೊದಲ ದಿನ ಅವನು ಕೂತ ಕೂಡಲೇ "ಬೆಣ್ಣೆ ಕಮ್ಮಿ ಹಾಕಿ" ಅನ್ನುತ್ತಾನೆ. ದಾವಣಗೆರೆಯಲ್ಲಿ, ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತು! ಅವಳು ಏನೂ ಅನ್ನದೆ ಬಿಲ್ಲಿನಲ್ಲಿ ಎರಡು ರೂಪಾಯಿ ಕಮ್ಮಿ ಮಾಡಿ, "ಬೆಣ್ಣೆ ಬಾಕಿ" ಅಂತ ಬರೆದು ಕೊಡುತ್ತಾಳೆ. ಇದು ನಗು. ಪುಸ್ತಕದ ಮಧ್ಯದಲ್ಲಿ, ಇಬ್ಬರಿಗೂ ಪರಿಚಯ ಗಟ್ಟಿಯಾದ ಮೇಲೆ, ಅವನು ಆ ಚೀಟಿಗಳನ್ನೆಲ್ಲ ಜೋಡಿಸಿ ತಂದು "ನನ್ನ ಬಾಕಿ ನಲವತ್ತಾರು ರೂಪಾಯಿ ಆಗಿದೆ, ಬಡ್ಡಿ ಹಿಡಿಯಲಾ?" ಅಂತ ಕೇಳುತ್ತಾನೆ. ಮಾತು ಅದೇ, ಈಗ ಅದರಲ್ಲಿ ಸಲಿಗೆ ಬಂದಿದೆ. ಕೊನೆಯಲ್ಲಿ, ಜಗಳವಾಗಿ ತಿಂಗಳಾದ ಮೇಲೆ, ಅವನು ಬಂದು ಕೂರುತ್ತಾನೆ. ಅವಳು ಕಾವಲಿ ಮುಂದೆ ನಿಂತು ತಿರುಗಿ ನೋಡದೆ "ಬೆಣ್ಣೆ?" ಅನ್ನುತ್ತಾಳೆ. ಅವನು "ನಿಮ್ಮ ಲೆಕ್ಕ" ಅನ್ನುತ್ತಾನೆ. ಇಲ್ಲಿ ಓದುಗರ ಗಂಟಲು ಕಟ್ಟುತ್ತದೆ. ಒಂದೇ ತಮಾಷೆ ಮೂರು ಸಲ ಬಂತು, ಮೂರು ಸಲವೂ ಅರ್ಥ ಬೇರೆ. ಒಳ್ಳೆ ರೊಮ್ಯಾಂಟಿಕ್ ಕಾಮಿಡಿಯಲ್ಲಿ ನಗು ಕೆಲಸ ಮಾಡೋದು ಹೀಗೆ, ಇಬ್ಬರ ನಡುವಿನ ದೂರ ಎಷ್ಟು ಕರಗಿತು ಅನ್ನೋದಕ್ಕೆ ಅದೇ ಅಳತೆಗೋಲು. ನಗು ಬೇರೆ, ಪ್ರೀತಿ ಬೇರೆ ಅಂತ ಎರಡು ಡಬ್ಬಿಯಲ್ಲಿ ಇಟ್ಟ ಪುಸ್ತಕದಲ್ಲಿ ಹಾಸ್ಯಕ್ಕೆ ಅಂತಲೇ ಒಬ್ಬ ಗೆಳೆಯ, ಒಬ್ಬ ಅಜ್ಜಿ, ಒಂದು ನಾಯಿ ಇರುತ್ತದೆ, ಜೋಡಿ ಮಾತ್ರ ಸಪ್ಪೆ.

ಅದಕ್ಕೇ ಓದುವಾಗ ಪೆನ್ಸಿಲ್ ಹಿಡ್ಕೊಳ್ಳಿ. ನಾನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪುಟದ ನಂಬರ್ ಬರೆದು ಪಕ್ಕದಲ್ಲಿ ಒಂದೇ ಅಕ್ಷರ ಹಾಕುತ್ತೇನೆ. ನಗು ಬಂದರೆ 'ನ', ಬೇಜಾರಾದರೆ 'ಬೇ', ಅಡ್ಡಿಯ ವಿಷಯ ಬಂದರೆ 'ಅ', ಹಿಂದಿನ ಪುಸ್ತಕದ ಜೋಡಿ ಬಂದರೆ 'ಹ'. ಬೇರೆಯವರ ಪುಸ್ತಕವಾದರೆ ಒಂದು ಚೀಟಿಯಲ್ಲಿ, ಫೋನಿನಲ್ಲಿ ಓದಿದರೆ ನೋಟ್‌ಬುಕ್ಕಿನಲ್ಲಿ. ಓದಿ ಮುಗಿದ ಮೇಲೆ ಆ ಹಾಳೆ ನೋಡಿದರೆ ಪುಸ್ತಕದ ನಾಡಿ ಕಾಣುತ್ತದೆ. ಮೊದಲ ನೂರು ಪುಟದಲ್ಲಿ ಹದಿನೈದು 'ನ', ಆಮೇಲೆ ಒಂದೂ ಇಲ್ಲ ಅಂದ್ರೆ ಬರೆದವರಿಗೆ ಪ್ರೀತಿ ಶುರುವಾದ ಕೂಡಲೇ ತಮಾಷೆ ಮರೆತುಹೋಗಿದೆ. ಇದು ತುಂಬಾ ಪುಸ್ತಕಗಳ ಕಾಯಿಲೆ. ಇದನ್ನು ನೀವು ಬರೆದರೆ ಓದುಗರಿಗೆ ನಿಜವಾದ ಸುದ್ದಿ ಸಿಕ್ಕಂತೆ.

ಆ 'ಹ' ಅಕ್ಷರ ಸರಣಿಗೆ ಮಾತ್ರ ಬೇಕಾದದ್ದು, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದಿನ ಪುಸ್ತಕದ ಜೋಡಿ ಈ ಪುಸ್ತಕಕ್ಕೆ ಹೇಗೆ ಬರುತ್ತಾರೆ ಅನ್ನೋದರಲ್ಲಿ ಬರೆದವರ ಮನಸ್ಸು ಗೊತ್ತಾಗುತ್ತದೆ. ಕೆಲವರು ಅವರನ್ನು ಗೋಡೆಗೆ ಹಾಕಿದ ಮದುವೆ ಫೋಟೋ ತರ ಬಳಸುತ್ತಾರೆ, ಇಬ್ಬರೂ ಯಾವಾಗಲೂ ಕೈ ಹಿಡಿದುಕೊಂಡು ನಗುತ್ತಿರುತ್ತಾರೆ, ಹೊಸ ಜೋಡಿಗೆ ಬುದ್ಧಿ ಹೇಳಿ ಹೋಗುತ್ತಾರೆ. ಮೊದಲ ಪುಸ್ತಕದಲ್ಲಿ ಅಷ್ಟು ಖಾರವಾಗಿ ಮಾತಾಡುತ್ತಿದ್ದ ಹುಡುಗಿ ಮದುವೆಯಾದ ಕೂಡಲೇ ಯಾಕೆ ಮೆತ್ತಗಾದಳು ಅಂತ ನನಗೆ ಸಂಕಟ ಆಗುತ್ತದೆ. ನಮ್ಮ ಹರಿಹರದ ಅಕ್ಕ ತಂಗಿಯ ಹೋಟೆಲಿಗೆ ಬಂದಾಗ ಅಡುಗೆ ಮನೆಗೆ ನುಗ್ಗಿ ಚಟ್ನಿಗೆ ಉಪ್ಪು ಜಾಸ್ತಿ ಅಂತ ಬೈಯಬೇಕು, ಗಂಡನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಆದ ಜಗಳವನ್ನು ಅರ್ಧಕ್ಕೆ ಬಿಟ್ಟು ಬಂದಿರಬೇಕು, ಅವಳ ಮದುವೆ ಸುಖವಾಗಿದೆ ಅನ್ನೋದು ಆ ಜಗಳದಲ್ಲೇ ಗೊತ್ತಾಗಬೇಕು. ಮುಂದಿನ ಪುಸ್ತಕದ ನಾಯಕಿಯ ವಿಷಯದಲ್ಲೂ ಹೀಗೇ. ಎರಡನೇ ಪುಸ್ತಕದಲ್ಲಿ ಮೂರನೆಯವಳು ಸುಮ್ನೆ ಬಂದು ಹೋಗುತ್ತಾಳಾ, ಇಲ್ಲಾ ಅವಳಿಗೂ ಅಲ್ಲಿ ಒಂದು ಕೆಲಸ ಇದೆಯಾ? ಕೆಲಸ ಇಲ್ಲದೆ ಬಂದರೆ ಅದು ಮುಂದಿನ ಪುಸ್ತಕದ ಜಾಹೀರಾತು.

ಮೂರನೇ ಪುಸ್ತಕ ಮೊದಲು ಓದಿದ ನಿಮಗೆ ಇಲ್ಲಿ ಒಂದು ಅನುಕೂಲ ಇದೆ. ಆ ಪುಸ್ತಕದಲ್ಲಿ ಬಂದ ಅಕ್ಕಂದಿರು, ಭಾವಂದಿರು ನಿಮಗೆ ಹೊಸಬರು. ಅವರ ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅವರು ಮನುಷ್ಯರಂತೆ ಕಂಡರಾ? ಕಂಡಿದ್ದರೆ ಲೇಖಕಿ ಗೆದ್ದಿದ್ದಾರೆ.

ಈಗ ಒಂದು ಗಂಭೀರ ಮಾತು. ಈ ಜಾತಿಯ ಪುಸ್ತಕದಲ್ಲಿ ಒಬ್ಬರನ್ನೊಬ್ಬರು ಕಾಲೆಳೆಯೋದು ಇದ್ದೇ ಇರುತ್ತದೆ, ಅದೇ ಉಪ್ಪು ಖಾರ. ಆದರೆ ಕಾಲೆಳೆಯೋದು ಬೇರೆ, ಹೀಯಾಳಿಸೋದು ಬೇರೆ. ಕಾಲೆಳೆದಾಗ ಇಬ್ಬರೂ ನಗುತ್ತಾರೆ, ಹೀಯಾಳಿಸಿದಾಗ ಒಬ್ಬರೇ ನಗುತ್ತಾರೆ. ಬೇಡ ಅಂದ ಮೇಲೂ ಹಿಂದೆ ಬಿದ್ದು ಕಾಡಿಸೋದನ್ನು ಪ್ರೀತಿ ಅಂತ ನಮ್ಮ ಸಿನಿಮಾಗಳು ಎಷ್ಟು ವರ್ಷ ತೋರಿಸಿಲ್ಲ ಹೇಳಿ. ಪುಸ್ತಕದಲ್ಲೂ ಅದು ತಮಾಷೆಯ ವೇಷ ಹಾಕಿ ಬರುತ್ತದೆ. ಬಂದರೆ ಬಿಡಬೇಡಿ, ಹೆಸರಿಟ್ಟು ಬರೆಯಿರಿ. ಹಾಗೆಯೇ ಚೆನ್ನಾಗಿ ಮಾಡಿದವರನ್ನೂ ಹೇಳಿ. ಹಿಬ್ಬರ್ಟ್ ಅವರ ಎರಡನೇ ಪುಸ್ತಕದಲ್ಲಿ ಡ್ಯಾನಿ ಪಿಎಚ್‌ಡಿ ಮಾಡುವವಳು, ಝಾಫಿರ್ ಅದೇ ಕಡೆ ಸೆಕ್ಯೂರಿಟಿ ಕೆಲಸ ಮಾಡುವವನು, ಹಿಂದೆ ರಗ್ಬಿ ಆಡುತ್ತಿದ್ದವನು. ಅವಳನ್ನು ಎತ್ತಿಕೊಂಡು ಕಟ್ಟಡದಿಂದ ಹೊರಗೆ ಬಂದ ವಿಡಿಯೋ ಎಲ್ಲಾ ಕಡೆ ಹರಡುತ್ತದೆ, ಇಬ್ಬರೂ ಪ್ರೇಮಿಗಳಂತೆ ನಟಿಸಲು ಒಪ್ಪುತ್ತಾರೆ. ನಟಿಸುತ್ತಾ ನಟಿಸುತ್ತಾ ನಿಜವಾಗೋದು ಹಳೇ ಜಾಡು, ಇಂಗ್ಲಿಷಿನಲ್ಲಿ ಟ್ರೋಪ್ ಅನ್ನುತ್ತಾರಲ್ಲ ಅದು. ಜಾಡು ಹಳೇದು ಅನ್ನೋದು ದೂರಲ್ಲ, ಅದರಲ್ಲಿ ನಡೆಯುವವರು ಹೊಸಬರಾ ಅಂತ ನೋಡಿ. ಆ ದೊಡ್ಡ ದೇಹದ ಗಂಡಸು ತಾನೇ ಪ್ರೇಮ ಕಾದಂಬರಿ ಓದುವವನು. ಜಾಡು ಹೊಸದಾಗೋದು ಅಲ್ಲಿ.

ಎಷ್ಟು ಹೇಳಬೇಕು ಅಂತ ಕೇಳಿದಿರಿ. ನನ್ನಿಂದ ಆದ ಒಂದು ತಪ್ಪು ಹೇಳುತ್ತೇನೆ. ಬರೆಯೋಕೆ ಶುರು ಮಾಡಿದ ಹೊಸದರಲ್ಲಿ ಒಂದು ಸರಣಿಯ ನಾಲ್ಕನೇ ಪುಸ್ತಕದ ಬಗ್ಗೆ ಬರೆಯುತ್ತಾ, ಮೊದಲ ಪುಸ್ತಕದ ನಾಯಕಿ ಯಾಕೆ ಮದುವೆ ಮುರಿದುಕೊಂಡು ಊರಿಗೆ ಬಂದಿದ್ದಳು ಅನ್ನೋ ಗುಟ್ಟನ್ನು ಸುಮ್ನೆ ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಹಳೇ ಪುಸ್ತಕ ತಾನೇ, ಎಲ್ಲರೂ ಓದಿರುತ್ತಾರೆ ಅಂದುಕೊಂಡೆ. ಅಕ್ಕನ ಮಗಳು ಆಗ ಮೊದಲ ಪುಸ್ತಕದ ನೂರನೇ ಪುಟದಲ್ಲಿದ್ದಳು. "ಚಿಕ್ಕಮ್ಮ, ಅದನ್ನ ನಾನೇ ಕಂಡುಹಿಡೀಬೇಕಿತ್ತು" ಅಂದಳು, ಅಷ್ಟೇ. ಆ ಪುಸ್ತಕ ಅವಳು ಮುಗಿಸಲೇ ಇಲ್ಲ. ಈಗಲೂ ನೆನೆಸಿಕೊಂಡರೆ ನನಗೆ ಕಸಿವಿಸಿ. ಆಮೇಲೆ ಮಾಡಿಕೊಂಡ ರೂಢಿ ಏನೆಂದರೆ, ಈ ಪುಸ್ತಕದ್ದಾಗಲಿ ಹಿಂದಿನದ್ದಾಗಲಿ, ಮೊದಲ ಕಾಲು ಭಾಗದಲ್ಲಿ ಬಂದದ್ದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಇಂಥವರು ಇಂಥವರನ್ನು ಮದುವೆಯಾದರು ಅಂತ ಹೇಳಿದರೆ ಏನೂ ಹಾಳಾಗೋದಿಲ್ಲ, ಅದು ರಟ್ಟಿನ ಮೇಲೇ ಇರುತ್ತದೆ. ಹೇಗೆ ಆದರು, ಯಾವ ಗುಟ್ಟು ಯಾವಾಗ ಹೊರಬಿತ್ತು ಅನ್ನೋದನ್ನು ಹೇಳಬಾರದು. ಕೊನೆಯ ಜಗಳ ಪೊಳ್ಳು ಅಂತ ಹೇಳಲೇಬೇಕಾದರೆ "ಮಾತಾಡಿದ್ದರೆ ಮುಗಿಯುತ್ತಿದ್ದ ಜಗಳ" ಅನ್ನಿ, ಜಗಳ ಯಾವುದಕ್ಕೆ ಅಂತ ಬಿಡಿ. ಓದುಗರಿಗೆ ಅರ್ಥವಾಗುತ್ತದೆ.

ಇಂಗ್ಲಿಷ್ ಪುಸ್ತಕದ ತಮಾಷೆಯನ್ನು ಕನ್ನಡಕ್ಕೆ ತರುವಾಗ ಮಾತನ್ನು ಅನುವಾದ ಮಾಡಬೇಡಿ, ಸನ್ನಿವೇಶ ಹೇಳಿ. ಯಾರು ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಯಾವ ಸುಳ್ಳು ಹೇಳಿ ಸಿಕ್ಕಿಬಿದ್ದರು. ನಗು ಅಲ್ಲಿಂದ ತಾನಾಗಿ ಬರುತ್ತದೆ.

ಒಂದು ಸಣ್ಣ ಉದಾಹರಣೆ. "ಈ ಸರಣಿಯ ಎರಡನೇ ಪುಸ್ತಕ ತುಂಬಾ ಕ್ಯೂಟ್ ಆಗಿದೆ. ನಾಯಕ ನಾಯಕಿಯ ಕೆಮಿಸ್ಟ್ರಿ ಸೂಪರ್. ನಗುತ್ತಾ ನಗುತ್ತಾ ಓದಿಸಿಕೊಂಡು ಹೋಗುತ್ತದೆ. ಮಿಸ್ ಮಾಡದೆ ಓದಿ." ಇದನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು ಅಲ್ವಾ? ಈಗ ನಮ್ಮ ದೋಸೆ ಹೋಟೆಲಿನ ಕಥೆಗೆ ಹೀಗೆ ಬರೆದು ನೋಡಿ: "ದೊಡ್ಡಕ್ಕನ ಕಥೆ ಓದದಿದ್ದರೂ ಇದನ್ನು ಓದಬಹುದು. ಬೆಣ್ಣೆ ಕಮ್ಮಿ ಕೇಳಿದ ಗಿರಾಕಿ ಮತ್ತು ಅದಕ್ಕೆ ದುಡ್ಡು ವಾಪಸ್ ಕೊಟ್ಟ ಮಾಲೀಕಳ ನಡುವಿನ ಲೆಕ್ಕಾಚಾರವೇ ಕಥೆ. ಒಂದೇ ತಮಾಷೆಯನ್ನು ಲೇಖಕಿ ಮೂರು ಸಲ ತಂದು ಮೂರನೇ ಸಲ ಕಣ್ಣೀರು ತರಿಸಿದರು. ಬ್ಯಾಂಕಿನ ಫೈಲು ಇಬ್ಬರ ನಡುವೆ ಬಂದಾಗ ಯಾರದು ತಪ್ಪು ಅಂತ ನನಗೆ ಕೊನೆವರೆಗೂ ಹೇಳೋಕೆ ಆಗಲಿಲ್ಲ, ಪುಸ್ತಕ ಇಷ್ಟವಾಗಿದ್ದು ಅದಕ್ಕೇ. ಕಿರಿಯ ತಂಗಿ ಮಾತ್ರ ಪದೇ ಪದೇ ಬಂದು ಏನೂ ಮಾಡದೆ ಹೋಗುತ್ತಾಳೆ, ಮುಂದಿನ ಪುಸ್ತಕಕ್ಕೆ ಟಿಕೆಟ್ ಮಾರಿದ ಹಾಗಿದೆ." ಉದ್ದ ಸ್ವಲ್ಪ ಜಾಸ್ತಿಯಾಯಿತು. ಆದರೆ ಇದು ಆ ಒಂದು ಪುಸ್ತಕಕ್ಕೆ ಮಾತ್ರ ಹೊಂದುತ್ತದೆ.

ಕೆಲವು ಸಣ್ಣ ವಿಷಯ. ಈಗಿನ ಈ ಪುಸ್ತಕಗಳ ಮುಖಪುಟದಲ್ಲಿ ಬಣ್ಣಬಣ್ಣದ ಕಾರ್ಟೂನ್ ಚಿತ್ರ ಇರುತ್ತದೆ, ನೋಡಿದರೆ ಮಕ್ಕಳ ಪುಸ್ತಕ ಅನಿಸುತ್ತದೆ. ಒಳಗೆ ಹಾಸಿಗೆಯ ದೃಶ್ಯಗಳು ಬಿಡಿಸಿ ಬರೆದಿರಬಹುದು, ಮೇಲೆ ಹೇಳಿದ ಬ್ರೌನ್ ಸಹೋದರಿಯರ ಪುಸ್ತಕಗಳಲ್ಲೂ ಇವೆ. ಅದನ್ನು ನಾಚಿಕೆ ಇಲ್ಲದೆ, ತೀರ್ಪು ಕೊಡದೆ, ಒಂದು ಸಾಲಿನಲ್ಲಿ ಹೇಳಿಬಿಡಿ. ಹೈಸ್ಕೂಲ್ ಹುಡುಗಿಗೆ ಉಡುಗೊರೆ ಕೊಡೋಕೆ ಅಂತ ನಿಮ್ಮ ವಿಮರ್ಶೆ ಓದುವ ಅತ್ತೆಯೂ ಇರುತ್ತಾರೆ. ಪ್ರಕಾಶಕರು ಪುಸ್ತಕ ಪುಕ್ಕಟೆ ಕಳಿಸಿದ್ದರೆ ಅದನ್ನೂ ಹೇಳಿ. ನಮ್ಮ ದೇಶದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಸೋಷಿಯಲ್ ಮೀಡಿಯಾದ ಪ್ರಭಾವಿಗಳಿಗೆ, ಅಂದ್ರೆ ಇನ್‌ಫ್ಲುಯೆನ್ಸರ್‌ಗಳಿಗೆ, ಅಂತ ಮಾಡಿದ ನಿಯಮದಲ್ಲಿ ದುಡ್ಡಷ್ಟೇ ಅಲ್ಲ, ಪುಕ್ಕಟೆ ಸಿಕ್ಕ ವಸ್ತುವನ್ನೂ ಹೇಳಬೇಕಾದ ಸಂಬಂಧ ಅಂತಲೇ ಸೇರಿಸಿದ್ದಾರೆ. ನಿಯಮ ಇಲ್ಲದಿದ್ದರೂ ಹೇಳೋದೇ ಸರಿ. ಸ್ಟಾರ್ ಕೊಡೋದು ನಿಮ್ಮಿಷ್ಟ. ಕೊಡೋದಾದರೆ ಸರಣಿಯ ಪುಸ್ತಕವನ್ನು ಅದೇ ಸರಣಿಯ ಬೇರೆ ಪುಸ್ತಕದ ಜೊತೆ ಹೋಲಿಸಿ ಕೊಡಿ, ಓದುಗರಿಗೆ ಬೇಕಾದ್ದು ಅದು.

ಮನೆಯವರ ಪ್ರಶ್ನೆ ಉಳಿಯಿತು. ಇಂಥ ಪುಸ್ತಕಕ್ಕೆ ವಿಮರ್ಶೆ ಬೇಕಾ?

ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಕಾದಂಬರಿ ಓದುತ್ತಿದ್ದರು. ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆ ಮೇಲೆ ಕೂತು ಓದುತ್ತಿದ್ದರು. ಪಕ್ಕದ ಮನೆಯವರೂ ಬರುತ್ತಿದ್ದರು. ಈ ವಾರ ಅವನು ಹಾಗೆ ಮಾಡಬಾರದಿತ್ತು, ಅವಳು ಅತ್ತೆಗೆ ತಿರುಗಿ ಹೇಳಿದ್ದು ಸರಿಯಾಯ್ತು, ಲೇಖಕಿ ಯಾಕೋ ಈಚೆಗೆ ಎಳೀತಿದಾರೆ, ಹೀಗೆ ಮಾತು. ಅದು ವಿಮರ್ಶೆಯೇ. ಎಂಥ ಗಂಡಸು ನಂಬಿಕೆಗೆ ಅರ್ಹ, ಎಂಥ ಮಾತು ಮನೆ ಮುರಿಯುತ್ತದೆ, ಹೆಣ್ಣು ಎಲ್ಲಿ ಸೋಲಬಾರದು ಅಂತ ಆ ಕಟ್ಟೆ ಮೇಲೆ ಅವರು ಕಾದಂಬರಿಯ ನೆಪದಲ್ಲಿ ಮಾತಾಡಿಕೊಂಡರು. ತಮ್ಮ ಸ್ವಂತ ಮನೆಯ ಹೆಸರೆತ್ತಿ ಹಾಗೆ ಮಾತಾಡೋಕೆ ಅವರಿಗೆ ಆಗುತ್ತಿರಲಿಲ್ಲ. ಆ ಮಾತನ್ನು ಯಾರೂ ಬರೆದಿಡಲಿಲ್ಲ, ನನಗೆ ಅದರದೇ ಕೊರಗು. ನೀವು ಬರೆಯುತ್ತಿದ್ದೀರಿ, ಅದೂ ಕನ್ನಡದಲ್ಲಿ. ಮನೆಯಲ್ಲಿ ಕೇಳಿದವರಿಗೆ ಒಂದು ಪುಸ್ತಕದ ಅಡ್ಡಿ ಏನು ಅಂತ ಊಟದ ಹೊತ್ತಿಗೆ ಹೇಳಿ, ಫೈಲ್ ಬಿಟ್ಟುಕೊಟ್ಟದ್ದು ಸರಿಯಾ ತಪ್ಪಾ ಅಂತ ಕೇಳಿ. ಮುದ್ದೆ ಆರಿದರೂ ಮಾತು ಮುಗಿಯೋದಿಲ್ಲ ನೋಡಿ.

ಈಗ ಮಾಡಬೇಕಾದ್ದು ಇಷ್ಟು. ಆ ಸರಣಿಯ ಮೊದಲೆರಡು ಪುಸ್ತಕ ಹುಡುಕಿ ಓದಿ. ಓದಿದ ಮೇಲೆ ನಿಮ್ಮ ಹಳೇ ವಿಮರ್ಶೆಯನ್ನು ಅಳಿಸಬೇಡಿ, ತಿದ್ದಲೂ ಬೇಡಿ. ಅದರ ಕೆಳಗೆ ಹೊಸ ದಿನಾಂಕ ಹಾಕಿ, ಈಗ ಆ ಮೂರನೇ ಪುಸ್ತಕದಲ್ಲಿ ಯಾವ ಸಾಲು ಬೇರೆ ತರ ಕೇಳಿಸಿತು ಅಂತ ಬರೆಯಿರಿ. ಮೊದಲ ಓದಿನಲ್ಲಿ ನಗು ಬರದ ಜಾಗದಲ್ಲಿ ಈಗ ನಗು ಬಂದಿದ್ದರೆ ಆ ಪುಟದ ನಂಬರ್ ಬರೆಯೋದು ಮರೆಯಬೇಡಿ.